ಕೋಶಪೊರೆಗೆ ಎರಡು ಪದರ ಅಂತ ಗೊತ್ತಾಗಿದ್ದು ಹೇಗೆ?

ಜೀವಶಾಸ್ತ್ರದ ಮೊದಲ ಪಾಠಗಳು ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ ಬರುತ್ತವೆ. ಮೊದಲು ವೈಜ್ಞಾನಿಕ ವಿಧಾನ, ಆಮೇಲೆ ಒಂದಿಷ್ಟು ರಸಾಯನಶಾಸ್ತ್ರ, ಆಮೇಲೆ ಜೀವಕೋಶ. ಮೊದಲನೆಯದನ್ನು ಸುಮ್ನೆ ಕಣ್ಣಾಡಿಸಿ ಬಿಡುತ್ತೇವೆ, ಎರಡನೆಯದನ್ನು ಬಾಯಿಪಾಠ ಮಾಡುತ್ತೇವೆ, ಮೂರನೆಯದಕ್ಕೆ ಚಿತ್ರ ಬರೆದು ಭಾಗಗಳನ್ನು ಗುರುತಿಸುತ್ತೇವೆ. ಇಲ್ಲಿ ಮೂರನ್ನೂ ಒಂದೇ ಪ್ರಶ್ನೆಗೆ ಕಟ್ಟುತ್ತಿದ್ದೇನೆ. ಕೋಶಪೊರೆ ಎರಡು ಪದರದ ಕೊಬ್ಬು ಅಂತಾರಲ್ಲ, ಅದು ಹೇಗೆ ಗೊತ್ತಾಯಿತು?

ನೋಡಿ ತಿಳಿದದ್ದಂತೂ ಅಲ್ಲ. ಪೊರೆಯ ದಪ್ಪ ಸುಮಾರು 7-8 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ಪ್ರಯೋಗಾಲಯದ ಮಾಮೂಲಿ ಸೂಕ್ಷ್ಮದರ್ಶಕಕ್ಕೆ ಸುಮಾರು 200 ನ್ಯಾನೋಮೀಟರ್‌ಗಿಂತ ಸಣ್ಣ ಅಂತರ ಬಿಡಿಯಾಗಿ ಕಾಣುವುದಿಲ್ಲ. 1665ರಲ್ಲಿ ರಾಬರ್ಟ್ ಹುಕ್ ಕಾರ್ಕಿನ ತೆಳು ಚೂರಿನಲ್ಲಿ ಕಂಡದ್ದೂ ಪೊರೆಯಲ್ಲ, ಸತ್ತ ಕೋಶಗಳ ಭಿತ್ತಿ. ಇವೆರಡನ್ನು ಬೆರೆಸಬೇಡಿ. ಭಿತ್ತಿ ಸಸ್ಯ, ಶಿಲೀಂಧ್ರ, ಬಹುಪಾಲು ಬ್ಯಾಕ್ಟೀರಿಯಾಗಳಿಗೆ ಇರುತ್ತದೆ, ನಮಗಿಲ್ಲ. ಪೊರೆ ಮಾತ್ರ ಎಲ್ಲ ಜೀವಕೋಶಕ್ಕೂ ಬೇಕೇ ಬೇಕು.

ಹಾಗಾದರೆ ಕಾಣದ್ದನ್ನು ಹಿಡಿದದ್ದು ಹೇಗೆ? ನೀರಿನಿಂದ ಶುರು ಮಾಡೋಣ.

ನೀರಿನ ಅಣುವಿನಲ್ಲಿ ಒಂದು ಆಮ್ಲಜನಕ, ಎರಡು ಹೈಡ್ರೋಜನ್. ಎಲೆಕ್ಟ್ರಾನುಗಳನ್ನು ಆಮ್ಲಜನಕ ತನ್ನ ಕಡೆ ಜಾಸ್ತಿ ಎಳೆದುಕೊಳ್ಳುತ್ತದೆ. ಅದಕ್ಕೆ ಆ ಬದಿಗೆ ಸ್ವಲ್ಪ ಋಣ ಆವೇಶ, ಹೈಡ್ರೋಜನ್ ಬದಿಗೆ ಸ್ವಲ್ಪ ಧನ ಆವೇಶ. ಅಣು ನೆಟ್ಟಗೆ ಗೆರೆಯ ಹಾಗಿದ್ದಿದ್ದರೆ ಈ ಎರಡೂ ಒಂದನ್ನೊಂದು ಸರಿದೂಗಿಸುತ್ತಿದ್ದವು. ಆದರೆ ಅದು ಸುಮಾರು 104.5 ಡಿಗ್ರಿ ಬಾಗಿದೆ. ಹೀಗಾಗಿ ಒಂದು ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನ ಆಮ್ಲಜನಕಕ್ಕೆ ಅಂಟುತ್ತದೆ. ಇದೇ ಹೈಡ್ರೋಜನ್ ಬಂಧ. ಒಂದೊಂದೂ ದುರ್ಬಲ, ಆದರೆ ಲೆಕ್ಕವಿಲ್ಲದಷ್ಟು ಇವೆ.

ಎಣ್ಣೆಯ ಅಣುವಿನಲ್ಲಿ ಇಂಗಾಲ ಮತ್ತು ಹೈಡ್ರೋಜನ್ನಿನ ಉದ್ದ ಸರಪಳಿಗಳಿವೆ. ಅಲ್ಲಿ ಎಲೆಕ್ಟ್ರಾನುಗಳ ಹಂಚಿಕೆ ಹೆಚ್ಚುಕಡಿಮೆ ಸಮ. ನೀರು ಹಿಡಿದುಕೊಳ್ಳಲು ಅಲ್ಲಿ ಆವೇಶವೇ ಇಲ್ಲ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಅಂತ ನಾವು ಹೇಳುತ್ತೇವೆ. ನಿಜಕ್ಕೂ ನಡೆಯುವುದು ಬೇರೆ. ನೀರಿನ ಅಣುಗಳು ತಮ್ಮತಮ್ಮಲ್ಲೇ ಕೈಹಿಡಿದುಕೊಂಡು ಎಣ್ಣೆಯನ್ನು ಹೊರಗಿಡುತ್ತವೆ. ಎಣ್ಣೆಯ ಮೇಲೆ ತಪ್ಪು ಹೊರಿಸುವುದು ಅನ್ಯಾಯ.

ಈಗ ಎಣ್ಣೆಯ ಪದರದ ಕಥೆ. ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲಾಪಮ್ ಕೊಳದಲ್ಲಿ ಒಂದು ಟೀ ಚಮಚಕ್ಕಿಂತ ಜಾಸ್ತಿಯಿಲ್ಲದ ಎಣ್ಣೆ ಸುರಿದ. ಅದು ಸುಮಾರು ಅರ್ಧ ಎಕರೆ ಹರಡಿ ಅಲೆಗಳನ್ನು ತಣಿಸಿತು ಅಂತ 1774ರಲ್ಲಿ ಬರೆದ. ಪದರದ ದಪ್ಪವನ್ನು ಅವನು ಲೆಕ್ಕ ಹಾಕಲಿಲ್ಲ. ನಾವು ಹಾಕೋಣ. ಅರ್ಧ ಎಕರೆ ಅಂದರೆ ಸುಮಾರು 2000 ಚದರ ಮೀಟರ್. ಚಮಚಕ್ಕೆ 5 ಮಿಲಿಲೀಟರ್ ಅಂದುಕೊಂಡರೆ 0.000005 ಘನ ಮೀಟರ್. ಭಾಗಿಸಿ ನೋಡಿ, 2.5 ನ್ಯಾನೋಮೀಟರ್ ಬರುತ್ತದೆ. ಒಂದು ಅಣುವಿನ ಉದ್ದ ಹೆಚ್ಚುಕಡಿಮೆ ಅಷ್ಟೇ! ಎಣ್ಣೆ ಹರಡುತ್ತಾ ಹೋಗಿ ಒಂದೇ ಅಣುವಿನಷ್ಟು ತೆಳುವಾದಾಗ ನಿಲ್ಲುತ್ತದೆ.

ಇದನ್ನು ಅಳೆಯುವ ಉಪಾಯವನ್ನು ಕಂಡುಕೊಂಡವರು ಜರ್ಮನಿಯ ಆಗ್ನೆಸ್ ಪೊಕೆಲ್ಸ್. ಆಗ ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದಿರಲಿಲ್ಲ. ಮನೆಗೆಲಸದ ನಡುವೆಯೇ ಒಂದು ತಗಡಿನ ತಟ್ಟೆಯಲ್ಲಿ ನೀರು ತುಂಬಿ, ಮೇಲೆ ಅಡ್ಡಪಟ್ಟಿ ಸರಿಸುತ್ತಾ ಅಳತೆ ಮಾಡಿದರು. 1891ರಲ್ಲಿ ಇಂಗ್ಲೆಂಡಿನ ಲಾರ್ಡ್ ರೇಲಿಗೆ ಪತ್ರ ಬರೆದರು, ಅವರು ಅದನ್ನು ನೇಚರ್ ಪತ್ರಿಕೆಗೆ ಕಳಿಸಿ ಅಚ್ಚು ಹಾಕಿಸಿದರು. ಅಮೆರಿಕದ ಲ್ಯಾಂಗ್ಮ್ಯೂರ್ ಇದೇ ಬಗೆಯ ತೊಟ್ಟಿಯನ್ನು ಇನ್ನಷ್ಟು ಸುಧಾರಿಸಿದರು. ಮೇಲ್ಮೈ ರಸಾಯನಶಾಸ್ತ್ರದ ಕೆಲಸಕ್ಕಾಗಿ 1932ರಲ್ಲಿ ಅವರಿಗೆ ನೊಬೆಲ್ ಬಂತು. ತೊಟ್ಟಿಗೂ ಅವರದೇ ಹೆಸರು. ಪೊಕೆಲ್ಸ್ ಹೆಸರು ಪಠ್ಯಪುಸ್ತಕದಲ್ಲಿ ಕಾಣುವುದು ಅಪರೂಪ.

ಇಷ್ಟರಲ್ಲಿ ಜೀವಕೋಶದ ಕಡೆಯಿಂದ ಒಂದು ಸುಳಿವು ಸಿಕ್ಕಿತ್ತು. 1890ರ ದಶಕದಲ್ಲಿ ಅರ್ನೆಸ್ಟ್ ಓವರ್ಟನ್ ನೂರಾರು ವಸ್ತುಗಳನ್ನು ಕೋಶಗಳ ಮೇಲೆ ಪರೀಕ್ಷಿಸಿದ್ದ. ಕೊಬ್ಬಿನಲ್ಲಿ ಚೆನ್ನಾಗಿ ಕರಗುವ ವಸ್ತುಗಳು ಬೇಗ ಒಳಗೆ ಹೋಗುತ್ತಿದ್ದವು. ಹಾಗಾದರೆ ಕೋಶದ ಹೊರ ಅಂಚಿನಲ್ಲಿ ಕೊಬ್ಬಿನಂಥದ್ದು ಇರಬೇಕು ಅಂತ ಅವನ ತರ್ಕ. ಇದು ಊಹೆ. ಆದರೆ ಒಂದು ಪದರವೋ, ಹತ್ತು ಪದರವೋ?

ನೆದರ್ಲೆಂಡ್ಸಿನ ಲೈಡನ್‌ನಲ್ಲಿ ಗೊರ್ಟರ್ ಮತ್ತು ಗ್ರೆಂಡೆಲ್ 1925ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೇ. ಯೋಚನೆ ಎಷ್ಟು ಸರಳ ನೋಡಿ. ಲೆಕ್ಕ ಗೊತ್ತಿರುವಷ್ಟು ಕೋಶ ತಗೊಳ್ಳಿ. ಅವುಗಳ ಕೊಬ್ಬನ್ನೆಲ್ಲ ಅಸಿಟೋನಿನಲ್ಲಿ ತೆಗೆಯಿರಿ. ತೊಟ್ಟಿಯ ನೀರಿನ ಮೇಲೆ ಒಂದೇ ಅಣುವಿನ ಪದರವಾಗಿ ಹರಡಿ ಅಗಲ ಅಳೆಯಿರಿ. ಆಮೇಲೆ ಆ ಕೋಶಗಳ ಒಟ್ಟು ಹೊರಮೈ ವಿಸ್ತೀರ್ಣದೊಂದಿಗೆ ಹೋಲಿಸಿ. ಸಮ ಬಂದರೆ ಒಂದು ಪದರ, ಎರಡರಷ್ಟು ಬಂದರೆ ಎರಡು ಪದರ. ಅವರಿಗೆ ಸರಿಸುಮಾರು ಎರಡರಷ್ಟು ಬಂತು.

ಇಲ್ಲಿ ಸ್ವಲ್ಪ ನಿಲ್ಲಿ. ಅವರು ಯಾವ ಕೋಶ ಆರಿಸಿಕೊಂಡರು? ಕೆಂಪು ರಕ್ತಕಣ. ಮನುಷ್ಯ, ನಾಯಿ, ಕುರಿ, ಮೇಕೆ, ಮೊಲ, ಗಿನಿಪಿಗ್, ಎಲ್ಲವೂ ಸಸ್ತನಿಗಳೇ. ಸಸ್ತನಿಗಳ ಬಲಿತ ಕೆಂಪು ಕಣದಲ್ಲಿ ಕೋಶಕೇಂದ್ರ ಇಲ್ಲ, ಮೈಟೊಕಾಂಡ್ರಿಯಾ ಇಲ್ಲ, ಒಳಗೆ ಬೇರೆ ಪೊರೆಯೇ ಇಲ್ಲ. ಸಿಗುವ ಪೊರೆಯ ಕೊಬ್ಬೆಲ್ಲ ಹೊರಪೊರೆಯದ್ದೇ. ಯಕೃತ್ತಿನ ಕೋಶ ತಗೊಂಡಿದ್ದರೆ ಒಳಗಿನ ಪೊರೆಗಳ ಕೊಬ್ಬೂ ಸೇರಿ ಲೆಕ್ಕ ಕೆಡುತ್ತಿತ್ತು. ಕೋಳಿಯ ರಕ್ತವೂ ಆಗುತ್ತಿರಲಿಲ್ಲ, ಹಕ್ಕಿಗಳ ಕೆಂಪು ಕಣಕ್ಕೆ ಕೋಶಕೇಂದ್ರ ಇರುತ್ತದೆ. ಗೊಂದಲ ತರುವ ಅಂಶವನ್ನು ಮೊದಲೇ ದೂರ ಇಡುವುದು ಅಂದರೆ ಇದು. ವೈಜ್ಞಾನಿಕ ವಿಧಾನದ ಪಾಠದಲ್ಲಿ ಬಾಣ ಹಾಕಿದ ಚೌಕಗಳ ಚಿತ್ರಕ್ಕಿಂತ ಈ ಒಂದು ಆಯ್ಕೆ ಹೆಚ್ಚು ಕಲಿಸುತ್ತದೆ ಅಂತ ನನಗನಿಸುತ್ತದೆ.

ತಮಾಷೆ ಏನೆಂದರೆ, ಪ್ರಯೋಗದಲ್ಲಿ ಎರಡು ತಪ್ಪುಗಳಿದ್ದವು. ಅಸಿಟೋನ್ ಎಲ್ಲ ಕೊಬ್ಬನ್ನೂ ಹೊರಗೆ ತೆಗೆದಿರಲಿಲ್ಲ. ಕಣಗಳ ಹೊರಮೈ ವಿಸ್ತೀರ್ಣವನ್ನೂ ಅವರು ಇರುವುದಕ್ಕಿಂತ ಕಡಿಮೆ ಎಣಿಸಿದ್ದರು. ಒಂದು ತಪ್ಪು ಇನ್ನೊಂದನ್ನು ಸರಿದೂಗಿಸಿ ಉತ್ತರ ಸರಿಯಾಗಿಯೇ ಬಂತು! 1966ರಲ್ಲಿ ಬೇರೆ ತಂಡ ಮತ್ತೆ ಅಳೆದಾಗ ಇದು ಸ್ಪಷ್ಟವಾಯಿತು. ಪೊರೆಯಲ್ಲಿ ಪ್ರೋಟೀನೂ ಜಾಗ ಹಿಡಿಯುತ್ತದೆ ಅನ್ನುವುದು ಅವರ ಲೆಕ್ಕದಲ್ಲಿ ಇರಲೇ ಇಲ್ಲ.

ಹಾಗಿದ್ದೂ ಎರಡು ಪದರದ ಮಾತು ಉಳಿದದ್ದು ಯಾಕೆ? ರಸಾಯನಶಾಸ್ತ್ರವೂ ಅದನ್ನೇ ಹೇಳುತ್ತಿತ್ತು. ಪೊರೆಯ ಮುಖ್ಯ ಕೊಬ್ಬು ಫಾಸ್ಫೋಲಿಪಿಡ್. ಅದರ ತಲೆಯಲ್ಲಿ ಫಾಸ್ಫೇಟ್, ಆವೇಶ ಇದೆ, ನೀರಿಗೆ ಹೊಂದುತ್ತದೆ. ಎರಡು ಬಾಲಗಳು ಎಣ್ಣೆಯ ಸರಪಳಿಗಳೇ. ಕೋಶದ ಹೊರಗೂ ನೀರು, ಒಳಗೂ ನೀರು. ಒಂದೇ ಪದರ ಇದ್ದರೆ ಬಾಲಗಳು ಒಂದು ಬದಿಯಲ್ಲಿ ನೀರಿಗೆ ತಾಗಲೇಬೇಕು. ಎರಡು ಪದರ ಬಾಲಕ್ಕೆ ಬಾಲ ಕೊಟ್ಟು ನಿಂತರೆ ಆ ತೊಂದರೆ ಇಲ್ಲ. ಆಮೇಲೆ 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎರಡು ಕಪ್ಪು ಗೆರೆ, ನಡುವೆ ತಿಳಿ ಗೆರೆ ಕಂಡವು.

ಪೊರೆ ಗಟ್ಟಿ ಗೋಡೆಯಲ್ಲ ಅನ್ನುವುದನ್ನು ತೋರಿಸಿದ್ದು 1970ರ ಫ್ರೈ ಮತ್ತು ಎಡಿಡಿನ್ ಪ್ರಯೋಗ. ಇಲಿಯ ಕೋಶವನ್ನೂ ಮನುಷ್ಯನ ಕೋಶವನ್ನೂ ಬೆಸೆದು, ಎರಡರ ಪ್ರೋಟೀನುಗಳಿಗೆ ಬೇರೆ ಬೇರೆ ಹೊಳೆಯುವ ಬಣ್ಣ ಕಟ್ಟಿದರು. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 40 ನಿಮಿಷಕ್ಕೆ ಬಣ್ಣಗಳು ಪೂರ್ತಿ ಬೆರೆತಿದ್ದವು. ತಣ್ಣಗಿಟ್ಟಾಗ ಬೆರೆಯಲಿಲ್ಲ. ದ್ರವದಂಥ ಕೊಬ್ಬಿನ ಪದರದಲ್ಲಿ ಪ್ರೋಟೀನುಗಳು ತೇಲಾಡುತ್ತವೆ ಅಂತ 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಕೊಟ್ಟ ದ್ರವ ಮೊಸಾಯಿಕ್ ಮಾದರಿಗೆ ಇದು ದೊಡ್ಡ ಆಧಾರ.

ಇನ್ನು ಯಾವುದು ದಾಟುತ್ತದೆ ಅನ್ನುವುದನ್ನು ಬಾಯಿಪಾಠ ಮಾಡಬೇಕಿಲ್ಲ, ಅಲ್ವಾ? ನಡುವೆ ಎಣ್ಣೆ ಇದೆ ಅಂತ ನೆನಪಿಟ್ಟರೆ ಸಾಕು. ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಸಣ್ಣವು, ಆವೇಶ ಇಲ್ಲದವು, ಸಲೀಸಾಗಿ ಹೋಗುತ್ತವೆ. ಸೋಡಿಯಂ ಅಯಾನು ಎಷ್ಟು ಸಣ್ಣದಿದ್ದರೂ ಆವೇಶ ಇರುವುದರಿಂದ ತಡೆ. ಗ್ಲೂಕೋಸ್ ದೊಡ್ಡದು, ನೀರಿಗೆ ಒಗ್ಗಿದ್ದು, ಅದಕ್ಕೂ ಪ್ರೋಟೀನಿನ ದಾರಿ ಬೇಕು. ನೀರು ಸ್ವಲ್ಪ ಸ್ವಲ್ಪ ನುಸುಳುತ್ತದೆ, ವೇಗವಾಗಿ ಹೋಗಲು ಅಕ್ವಾಪೊರಿನ್ ಎಂಬ ಕಾಲುವೆಗಳಿವೆ. ಅದನ್ನು ಗುರುತಿಸಿದ ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್ ಸಿಕ್ಕಿತು. ಅವರಿಗೂ ಅದು ಸಿಕ್ಕಿದ್ದು ಕೆಂಪು ರಕ್ತಕಣದಲ್ಲೇ.

ಅಭಿಸರಣೆಯೂ ಇಲ್ಲೇ ಅರ್ಥವಾಗುತ್ತದೆ. ಉಪ್ಪು ದಾಟಲಾರದು, ನೀರು ದಾಟುತ್ತದೆ. ಹಾಗಾಗಿ ನೀರೇ ಉಪ್ಪು ಜಾಸ್ತಿ ಇರುವ ಕಡೆ ಹೋಗುತ್ತದೆ. ಮಾವಿನ ಮಿಡಿಗೆ ಉಪ್ಪು ಹಾಕಿಟ್ಟರೆ ಮಿಡಿ ಮುದುಡಿ ನೀರು ಬಿಡುವುದು ಇದರಿಂದಲೇ. ಕೆಂಪು ಕಣವನ್ನು ಬರೀ ನೀರಿಗೆ ಹಾಕಿದರೆ ಉಬ್ಬಿ ಒಡೆಯುತ್ತದೆ. ಆಸ್ಪತ್ರೆಯ ಡ್ರಿಪ್ಪಿನಲ್ಲಿ ಸಾಮಾನ್ಯವಾಗಿ 0.9% ಉಪ್ಪಿನ ದ್ರಾವಣ ಇರುವುದು ಇದಕ್ಕೇ.

ಕೊನೆಗೆ, ಭೇದಿಯಾದಾಗ ಕುಡಿಸುವ ಒಆರ್‌ಎಸ್‌ನಲ್ಲಿ ಉಪ್ಪಿನ ಜೊತೆ ಸಕ್ಕರೆ ಯಾಕೆ? ರುಚಿಗಲ್ಲ. ಕರುಳಿನ ಕೋಶಗಳ ಪೊರೆಯಲ್ಲಿ ಸೋಡಿಯಮ್ಮನ್ನೂ ಗ್ಲೂಕೋಸನ್ನೂ ಒಟ್ಟಿಗೆ ಒಳಗೆ ಸಾಗಿಸುವ ಒಂದು ಪ್ರೋಟೀನ್ ಇದೆ. ಕಾಲರಾದಲ್ಲೂ ಅದು ಕೆಲಸ ನಿಲ್ಲಿಸುವುದಿಲ್ಲ. ಅವೆರಡೂ ಒಳಗೆ ಹೋದರೆ ನೀರು ಹಿಂಬಾಲಿಸುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನ್‌ಗಾಂವ್‌ನಲ್ಲಿ ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದಾಗ, ಡಾ. ದಿಲೀಪ್ ಮಹಲನಬೀಸ್ ಕಾಲರಾ ರೋಗಿಗಳಿಗೆ ಕುಡಿಸಿದ್ದು ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನೇ. ಇವತ್ತಿನ ಡಬ್ಲ್ಯುಎಚ್‌ಒ ಸೂತ್ರದಲ್ಲಿ ಲೀಟರಿಗೆ 75 ಮಿಲಿಮೋಲ್ (ಕಣಗಳ ಎಣಿಕೆಯ ಅಳತೆ) ಸೋಡಿಯಂ, 75 ಮಿಲಿಮೋಲ್ ಗ್ಲೂಕೋಸ್ ಇರುತ್ತದೆ.