ಹಲ್ಲು ಗಟ್ಟಿ, ಅನ್ನ ಮಾತ್ರ ಕೆನ್ನೆಯಲ್ಲೇ

ಸ್ಟ್ರೋಕ್ ಆದವರು ಊಟ ಮುಗಿಸಿದ ಮೇಲೆ ಅವರ ಬಾಯೊಳಗೆ ಒಮ್ಮೆ ಟಾರ್ಚ್ ಬಿಟ್ಟು ನೋಡಿ. ಸೊಟ್ಟಗಾದ ಕಡೆ, ಕೆನ್ನೆಗೂ ಒಸಡಿಗೂ ನಡುವೆ, ಅನ್ನದಗುಳು, ಪಲ್ಯದ ಚೂರು ಹಾಗೇ ಕೂತಿರುವುದುಂಟು. ಆ ಕಡೆ ಸ್ಪರ್ಶ ಮಂಕಾಗಿದ್ದರೆ ಅವರಿಗೆ ಅದು ಗೊತ್ತೂ ಆಗುವುದಿಲ್ಲ. ಮನೆಯವರಿಗೋ ಆಶ್ಚರ್ಯ: ಹಲ್ಲೆಲ್ಲ ಗಟ್ಟಿ ಇದೆಯಲ್ಲ, ಅಗಿಯೋಕೇನು ಕಷ್ಟ?

ಹಲ್ಲು ಅರೆಯುತ್ತದೆ, ಅಷ್ಟೇ. ತುತ್ತನ್ನು ಮತ್ತೆ ಮತ್ತೆ ದವಡೆ ಹಲ್ಲಿನ ಮೇಲಕ್ಕೆ ತಳ್ಳುವುದು ನಾಲಿಗೆ. ಅದು ಪಕ್ಕಕ್ಕೆ ಜಾರದಂತೆ ಒತ್ತಿ ಹಿಡಿಯುವುದು ಕೆನ್ನೆ. ದವಡೆಯ ಸ್ನಾಯುಗಳನ್ನು ಮೆದುಳಿನ ಎರಡೂ ಬದಿ ನಡೆಸುತ್ತವೆ. ಹಾಗಾಗಿ ಒಂದು ಬದಿಗೆ ಪೆಟ್ಟು ಬಿದ್ದರೂ ದವಡೆ ಪೂರ್ತಿ ಸೋಲುವುದು ಅಪರೂಪ. ಕೆನ್ನೆ, ತುಟಿ, ನಾಲಿಗೆಗೆ ಆ ಅನುಕೂಲ ಕಡಿಮೆ. ಅವು ಹೆಚ್ಚಾಗಿ ಎದುರು ಬದಿಯ ಮೆದುಳನ್ನೇ ನೆಚ್ಚಿಕೊಂಡಿವೆ.

ಇನ್ನೊಂದು ತೊಡಕಿದೆ. ಗಟ್ಟಿ ಆಹಾರ ಅಗಿಯುವಾಗ, ನುಂಗುವ ಮೊದಲೇ ಒಂದಿಷ್ಟು ಭಾಗ ಗಂಟಲ ಹಿಂಬದಿಗೆ ಜಾರಿ ಅಲ್ಲಿ ಕಾಯುತ್ತಿರುತ್ತದೆ. ನಮಗೆಲ್ಲ ಹಾಗೇ ಆಗುತ್ತದೆ, ತೊಂದರೆಯಿಲ್ಲ. ನುಂಗುವುದು ತಡವಾಗುವವರಲ್ಲಿ ಅದೇ ಚೂರು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ತರಬಹುದು. ಕೆಲವರಿಗೆ ಕೆಮ್ಮೂ ಬರುವುದಿಲ್ಲ. ಭಯ ಇರುವುದು ಅಲ್ಲೇ.

ಅಗಿಯುವ ಶಕ್ತಿ ಅಳೆಯಲು ಹಿಂದಿನಿಂದಲೂ ಕಡಲೆಕಾಯಿ ಬೀಜ ಅಗಿಸಿ, ಉಗಿಸಿ, ಜರಡಿ ಹಿಡಿದು ನೋಡುತ್ತಿದ್ದರು. ನುಂಗಲು ಕಷ್ಟಪಡುವವರ ಬಾಯಿಗೆ ಬೀಜ ಹಾಕುವುದುಂಟೇ? ಜಪಾನಿನಲ್ಲಿ ಬಣ್ಣ ಬದಲಿಸುವ ಚ್ಯೂಯಿಂಗ್ ಗಮ್ ಬಂತು. ಅದರಲ್ಲಿ ಸಿಟ್ರಿಕ್ ಆಮ್ಲ ಇರುತ್ತದೆ. ಆಮ್ಲ ಇರುವಷ್ಟು ಹೊತ್ತು ಕೆಂಪು ಬಣ್ಣ ಹೊರಬರುವುದಿಲ್ಲ, ಗಮ್ ಹಳದಿ ಮಿಶ್ರಿತ ಹಸಿರಾಗಿ ಕಾಣುತ್ತದೆ. ಅಗಿದಂತೆಲ್ಲ ಆಮ್ಲ ಎಂಜಲಿಗೆ ಬಿಟ್ಟುಕೊಂಡು ಗಮ್ ಕೆಂಪಾಗುತ್ತದೆ. ಎಷ್ಟು ಕೆಂಪೋ ಅಷ್ಟು ಚೆನ್ನಾಗಿ ಅಗಿದಿದ್ದಾರೆ ಅಂತ ಲೆಕ್ಕ. ಜಾಣತನದ ಉಪಾಯ, ಅಲ್ವಾ? ಆದರೂ ಇದು ಮನೆಯಲ್ಲಿ ಮಾಡಿ ನೋಡುವಂಥದ್ದಲ್ಲ.

ಹೆದರಿ ಎಲ್ಲವನ್ನೂ ಮಿಕ್ಸಿಗೆ ಹಾಕುವುದೂ ಸರಿಯಲ್ಲ. ರುಚಿ ಹೋಗುತ್ತದೆ, ಊಟ ಕಡಿಮೆಯಾಗುತ್ತದೆ, ಮೈ ಇಳಿಯುತ್ತದೆ. ಆಹಾರ ಎಷ್ಟು ತೆಳು, ಎಷ್ಟು ಗಟ್ಟಿ ಇರಬೇಕು ಅನ್ನಲು ಈಗ ಹಲವು ದೇಶಗಳು ಒಪ್ಪಿರುವ ಅಳತೆಯಲ್ಲಿ ನೀರಿನಿಂದ ಮಾಮೂಲಿ ಊಟದವರೆಗೆ 8 ಹಂತಗಳಿವೆ. ದೊಡ್ಡವರಿಗೆ ಮೆತ್ತಗಿನ ತುಂಡು 15 ಮಿಲಿಮೀಟರ್ ಮೀರಬಾರದು. ಅಗಿಯಲು ಇನ್ನೂ ಕಷ್ಟವಾದರೆ 4 ಮಿಲಿಮೀಟರ್, ಅಂದರೆ ಫೋರ್ಕಿನ ಎರಡು ಹಲ್ಲುಗಳ ನಡುವಿನ ಸಂದಿಯಷ್ಟು. ರಾಗಿ ಮುದ್ದೆ ಮೆತ್ತಗಿದೆ, ಅಗಿಯುವುದೇ ಬೇಡ ಅಂದುಕೊಳ್ಳಬೇಡಿ. ಅಂಟುವ ಉಂಡೆಯನ್ನು ಇಡಿಯಾಗಿ ನುಂಗುವುದು ಇವರಿಗೆ ಅಪಾಯ.

ಬಹಳಷ್ಟು ಜನರಿಗೆ ಕೆಲವೇ ವಾರಗಳಲ್ಲಿ ನುಂಗುವುದು ಸುಧಾರಿಸುತ್ತದೆ. ಆದರೆ ಆಸ್ಪತ್ರೆಯಲ್ಲಿ ಬರೆದುಕೊಟ್ಟ ಗಂಜಿಯೇ ತಿಂಗಳುಗಟ್ಟಲೆ ನಡೆಯುತ್ತಿರುತ್ತದೆ, ಯಾರೂ ಮತ್ತೆ ಪರೀಕ್ಷಿಸಿರುವುದಿಲ್ಲ. ಈ ಪರೀಕ್ಷೆ ಮಾಡುವವರು ಸ್ಪೀಚ್ ಥೆರಪಿಸ್ಟ್‌ಗಳು. ಮಾತು ಕಲಿಸುವವರಿಗೂ ನುಂಗುವುದಕ್ಕೂ ಏನು ಸಂಬಂಧ ಅನ್ನಬೇಡಿ, ಎರಡಕ್ಕೂ ಬೇಕಾದದ್ದು ಅದೇ ನಾಲಿಗೆ, ಅದೇ ತುಟಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಗೂ ಚಿಕಿತ್ಸೆ ಸಿಗುತ್ತದೆ.