ಬಿರುಕನ್ನು ಮುಚ್ಚುವ ಮೊದಲು ಅಗಲ ಮಾಡಿ

ಹೋದ ತಿಂಗಳು ಒಂದು ತಾರಸಿಯ ಮೇಲೆ ಕೂತು, ಬಿರುಕಿಗೆ ಮೆತ್ತಿದ್ದ ಹಳೆಯ ಸೀಲಂಟನ್ನು, ಅಂದರೆ ಸಂದು ಮುಚ್ಚುವ ರಬ್ಬರಿನಂಥ ಅಂಟನ್ನು, ಉಗುರಿನಿಂದ ಎಬ್ಬಿಸಿದೆ. ಒಂದು ತುದಿ ಸಿಕ್ಕಿದ್ದೇ ತಡ, ಮೊಳದುದ್ದದ ಪಟ್ಟಿ ಹಾಗೇ ಕೈಗೆ ಬಂತು. ಪಕ್ಕದಲ್ಲಿ ನಿಂತಿದ್ದ ಮನೆಯವರ ಮುಖ ಸಪ್ಪಗಾಯಿತು. "ಮೂರನೇ ಸಲ ಹಾಕಿಸಿದ್ದು ಸಾರ್ ಇದು. ಒಳ್ಳೆ ಮಾಲು ಅಂತ ಹೇಳಿದ್ರು" ಎಂದರು.

ಮಾಲು ನಿಜಕ್ಕೂ ಒಳ್ಳೆಯದೇ. ಎಳೆದರೆ ಹಿಗ್ಗುತ್ತಿತ್ತು, ಬಿಟ್ಟರೆ ಮೊದಲಿನಂತಾಗುತ್ತಿತ್ತು. ಪಟ್ಟಿಯನ್ನು ಮಗುಚಿ ನೋಡಿದೆ. ಕೆಳಮೈ ತುಂಬ ಬಿಳಿ ಪುಡಿ. ಅಂದರೆ ಅದು ಕಾಂಕ್ರೀಟಿಗೆ ಅಂಟಿರಲೇ ಇಲ್ಲ, ಕಾಂಕ್ರೀಟಿನ ಮೇಲಿದ್ದ ಧೂಳಿಗೆ ಅಂಟಿತ್ತು. ಸ್ವಲ್ಪ ಆಚೆ ಒಂದು ಕಡೆ ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಆದರೆ ಅಲ್ಲಿ ಬಿರುಕಿನ ನೇರಕ್ಕೆ ಸರಿಯಾಗಿ ಹರಿದುಹೋಗಿತ್ತು.

ಒಂದೇ ಪಟ್ಟಿಯಲ್ಲಿ ಎರಡು ತಪ್ಪು. ಧೂಳಿನ ವಿಷಯ ಯಾರಿಗಾದರೂ ಹೇಳಿದ ಕೂಡಲೇ ಅರ್ಥವಾಗುತ್ತದೆ. ಚೆನ್ನಾಗಿ ಅಂಟಿದ್ದರೂ ಹರಿದದ್ದು ಯಾಕೆ ಅನ್ನುವುದಕ್ಕೆ ಸ್ವಲ್ಪ ಲೆಕ್ಕ ಬೇಕು. ಆ ಲೆಕ್ಕ ಗೊತ್ತಿಲ್ಲದೆ ಎಷ್ಟು ದುಬಾರಿ ಸೀಲಂಟ್ ತಂದರೂ ಕೆಲಸ ನಿಲ್ಲುವುದಿಲ್ಲ.

ಕಾಂಕ್ರೀಟ್ ಕಲ್ಲಿನಂತೆ ಕಂಡರೂ ಒಂದೇ ಅಳತೆಯಲ್ಲಿ ಇರುವುದಿಲ್ಲ. ಒಂದು ಮೀಟರ್ ಕಾಂಕ್ರೀಟ್ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 0.01 ಮಿಲಿಮೀಟರ್ ಹಿಗ್ಗುತ್ತದೆ. ಕೇಳುವುದಕ್ಕೆ ಏನೂ ಅಲ್ಲ. ಆದರೆ 10 ಮೀಟರ್ ಉದ್ದದ ಚಪ್ಪಡಿ ತಂಪು ಕಾಲದ ನಸುಕಿನಿಂದ ಬೇಸಿಗೆಯ ಮಧ್ಯಾಹ್ನದ ಹೊತ್ತಿಗೆ 40 ಡಿಗ್ರಿ ಏರಿದರೆ 4 ಮಿಲಿಮೀಟರ್ ಆಯಿತು. ಇದರ ಜೊತೆಗೆ ಹೊಸ ಕಾಂಕ್ರೀಟ್ ಒಣಗುತ್ತಾ ಕುಗ್ಗುತ್ತದೆ. ಮೀಟರಿಗೆ ಅರ್ಧ ಮಿಲಿಮೀಟರ್ ಆಸುಪಾಸು, ಅದೂ ತಿಂಗಳುಗಟ್ಟಲೆ ನಿಧಾನವಾಗಿ. ಹೀಗೆ ಕುಗ್ಗುವಾಗ ಎಲ್ಲೋ ಒಂದು ಕಡೆ ಬಿರುಕು ಬಿಡಲೇಬೇಕು. ಅದಕ್ಕೇ ನೆಲ ಹಾಕಿದ ಮೇಲೆ ಸಾಮಾನ್ಯವಾಗಿ ಒಂದು ದಿನದೊಳಗೆ ದಪ್ಪದ ಕಾಲು ಭಾಗದಷ್ಟು ಆಳಕ್ಕೆ ಗರಗಸದಿಂದ ಗೆರೆ ಕೊಯ್ಯುತ್ತಾರೆ. ಬಿರುಕು ಆ ಗೆರೆಯಲ್ಲೇ ಬರಲಿ ಅಂತ. ನಾವು ಗೆರೆ ಕೊಡದಿದ್ದರೆ ಕಾಂಕ್ರೀಟ್ ತನಗೆ ಬೇಕಾದ ಕಡೆ ಬಿಡುತ್ತದೆ. ಆಮೇಲೆ ಆ ಬಿರುಕೇ ಜಾಯಿಂಟಿನ, ಅಂದರೆ ಹಿಗ್ಗಿ ಕುಗ್ಗಲೆಂದು ಬಿಡುವ ಸಂದಿನ, ಕೆಲಸ ಮಾಡುತ್ತದೆ. ಬಿಸಿಲಿಗೆ ಮುಚ್ಚಿಕೊಳ್ಳುತ್ತದೆ, ತಂಪಿಗೆ ತೆರೆದುಕೊಳ್ಳುತ್ತದೆ.

ಈಗ ಆ ತಾರಸಿಯ ಬಿರುಕಿಗೆ ಬನ್ನಿ. ಮಧ್ಯಾಹ್ನ 0.3 ಮಿಲಿಮೀಟರ್ ಇತ್ತು. ಬೆಳಗಿನ ಜಾವ 0.5 ಆಗುತ್ತಿತ್ತು. ಅದರ ಮೇಲೆ ಸೀಲಂಟನ್ನು ಸುಮ್ನೆ ಮೆತ್ತಿದರೆ ಏನಾಗುತ್ತದೆ? ಬಿರುಕಿನ ಎರಡೂ ಬದಿ ಅಂಟಿದ ಭಾಗ ಅಲ್ಲಾಡುವ ಹಾಗಿಲ್ಲ, ಕಾಂಕ್ರೀಟ್ ಅದನ್ನು ಹಿಡಿದುಕೊಂಡಿದೆ. ಹಿಗ್ಗಬೇಕಾದದ್ದು ಬಿರುಕಿನ ನೆತ್ತಿಯ ಮೇಲಿರುವ ಕೂದಲೆಳೆ ಅಗಲದ ಸೀಲಂಟ್ ಮಾತ್ರ. 0.3 ಇದ್ದದ್ದು 0.5 ಆಗಬೇಕು. ಅಂದರೆ ಶೇಕಡಾ 67ರಷ್ಟು ಹಿಗ್ಗಬೇಕು. ಅದೂ ಪ್ರತಿ ದಿನ. ಕಟ್ಟಡಕ್ಕೆ ಬಳಸುವ ಒಳ್ಳೆಯ ಸೀಲಂಟ್‌ಗಳಲ್ಲಿ ಹೆಚ್ಚಿನವು ಶೇಕಡಾ 25ರಷ್ಟು ಹಿಗ್ಗಿ ಕುಗ್ಗುವುದಕ್ಕೆ ತಯಾರಾದವು. ಐಎಸ್‌ಒ 11600 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ದರ್ಜೆ 25 ಎಂದು ಬರೆಯುವುದು ಇದನ್ನೇ. ಹಾಗಿದ್ದಮೇಲೆ ಹರಿಯದೆ ಇನ್ನೇನಾಗುತ್ತದೆ?

ಅದೇ ಬಿರುಕನ್ನು 10 ಮಿಲಿಮೀಟರ್ ಅಗಲದ ತೋಡು ಮಾಡಿ ತುಂಬಿಸಿ. ಅದೇ 0.2 ಮಿಲಿಮೀಟರ್ ಚಲನೆ ಈಗ 10 ಮಿಲಿಮೀಟರ್ ಸೀಲಂಟಿಗೆ ಹಂಚಿಹೋಗುತ್ತದೆ. ಶೇಕಡಾ 2 ಮಾತ್ರ. ಅಷ್ಟನ್ನು ಅದು ವರ್ಷಗಟ್ಟಲೆ ತಾಳಿಕೊಳ್ಳುತ್ತದೆ. ನನ್ನ ಕೆಲಸದಲ್ಲಿ ಒಪ್ಪಿಸುವುದಕ್ಕೆ ಅತಿ ಕಷ್ಟವಾದ ಮಾತು ಇದೇ. ಕಾಂಕ್ರೀಟ್ ಕೊಯ್ಯುವ ಗ್ರೈಂಡರ್ ಬಿರುಕಿನ ಮೇಲೆ ಇಳಿಯುತ್ತಿದ್ದ ಹಾಗೆ ಮನೆಯವರು ಓಡಿ ಬರುತ್ತಾರೆ. ಇರುವ ಬಿರುಕನ್ನು ಮುಚ್ಚಿ ಅಂದರೆ ಇನ್ನೂ ದೊಡ್ಡದು ಮಾಡ್ತಿದೀರಲ್ಲಾ ಅಂತ. ಅವರ ಗಾಬರಿ ನನಗೆ ಅರ್ಥವಾಗುತ್ತದೆ. ಆಗ ಈ ಲೆಕ್ಕವನ್ನೇ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಬರೆದು ತೋರಿಸುತ್ತೇನೆ.

ತೋಡಿನ ಗೋಡೆಗಳು ನೇರವಾಗಿರಬೇಕು. ಚೂಪು ತಳದ ತೋಡಿನಲ್ಲಿ ತಳದ ಹತ್ತಿರ ಮತ್ತೆ ಅದೇ ಕಿರಿದಾದ ಸೀಲಂಟ್ ಆಗಿಬಿಡುತ್ತದೆ. ಆಳ 8ರಿಂದ 10 ಮಿಲಿಮೀಟರ್ ಸಾಕು. ಚಪ್ಪಡಿಯಲ್ಲಿ ಕಂಬಿ ಮೇಲ್ಮೈಯಿಂದ ಬರೀ 20 ಮಿಲಿಮೀಟರ್ ಕೆಳಗೇ ಇರಬಹುದು, ಕೆಲವೊಮ್ಮೆ ಅದಕ್ಕಿಂತ ಮೇಲೂ. ಕಂಬಿಗೆ ಬ್ಲೇಡು ತಾಗಬಾರದು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಎಲ್ಲ ಬಿರುಕೂ ಸೀಲಂಟಿನ ಕೆಲಸವಲ್ಲ. ಬಿರುಕಿನ ಉದ್ದಕ್ಕೂ ತುಕ್ಕಿನ ಕಂದು ಕಲೆ ಇದೆಯೇ? ತಟ್ಟಿದರೆ ಟೊಳ್ಳು ಸದ್ದು ಬರುತ್ತದೆಯೇ? ಹಾಗಿದ್ದರೆ ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬುತ್ತಿದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಅದೇ ಕಾಂಕ್ರೀಟನ್ನು ಒಡೆಯುವುದು. ಮೇಲೆ ಮುಚ್ಚಿದರೆ ರೋಗ ಒಳಗೇ ಬೆಳೆಯುತ್ತದೆ. ತೊಲೆ, ಕಂಬಗಳಲ್ಲಿ ಓರೆಯಾಗಿ ಬಂದ ಬಿರುಕು, ದಿನದಿಂದ ದಿನಕ್ಕೆ ಅಗಲವಾಗುತ್ತಲೇ ಹೋಗುವ ಬಿರುಕು, ಎರಡು ಬದಿ ಒಂದೇ ಮಟ್ಟದಲ್ಲಿಲ್ಲದ ಬಿರುಕು, ಇವನ್ನು ಸ್ಟ್ರಕ್ಚರಲ್ ಎಂಜಿನಿಯರ್ ನೋಡುವ ತನಕ ಮುಟ್ಟಬೇಡಿ. ಅನುಮಾನ ಇದ್ದರೆ ಬಿರುಕಿಗೆ ಅಡ್ಡಲಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ತೆಳ್ಳಗಿನ ಬಿಲ್ಲೆ ಅಂಟಿಸಿ, ಮೇಲೆ ತಾರೀಕು ಬರೆದು ಕೆಲವು ವಾರ ಬಿಡಿ. ಬಿಲ್ಲೆ ಸೀಳಿದರೆ ಬಿರುಕು ಜೀವಂತ ಇದೆ ಅಂತ ಅರ್ಥ. ಅಲ್ಲಾಡದೆ ನಿಂತ ಬಿರುಕಿಗೆ, ಕಾಂಕ್ರೀಟನ್ನು ಮತ್ತೆ ಒಂದು ಮಾಡಬೇಕಿದ್ದರೆ ಎಪಾಕ್ಸಿ ಎಂಬ ಗಟ್ಟಿ ಅಂಟನ್ನು ಒಳಕ್ಕೆ ಒತ್ತಿ ತುಂಬುವ ಇಂಜೆಕ್ಷನ್ ಇದೆ. ಅಲ್ಲಾಡುವ ಬಿರುಕಿಗೆ ಎಪಾಕ್ಸಿ ತುಂಬಿದರೆ ಅದು ಗಟ್ಟಿಯಾಗಿ ನಿಲ್ಲುತ್ತದೆ, ಪಕ್ಕದಲ್ಲಿ ಹೊಸ ಬಿರುಕು ಹುಟ್ಟುತ್ತದೆ.

ಇನ್ನು ಕಣ್ಣಿಗೆ ಕಾಣದ ತಪ್ಪು. ಸೀಲಂಟ್ ಎರಡು ಗೋಡೆಗೆ ಮಾತ್ರ ಅಂಟಬೇಕು, ತಳಕ್ಕೆ ಅಂಟಬಾರದು. ಒಂದು ರಬ್ಬರ್ ತುಂಡನ್ನು ಎಳೆದು ನೋಡಿ. ಉದ್ದವಾಗುತ್ತಾ ಹೋದ ಹಾಗೆ ನಡುವಿನಲ್ಲಿ ಸಣ್ಣಗಾಗುತ್ತದೆ, ಅಲ್ವಾ? ಸೀಲಂಟ್ ಹಿಗ್ಗುವಾಗಲೂ ನಡುವೆ ಒಳಕ್ಕೆ ಎಳೆದುಕೊಳ್ಳಬೇಕು. ತಳಕ್ಕೂ ಅಂಟಿಬಿಟ್ಟಿದ್ದರೆ ಹಾಗೆ ಆಗಲು ಬಿಡುವಿಲ್ಲ. ಎಳೆತವೆಲ್ಲ ಮೂಲೆಗಳಿಗೆ ಬೀಳುತ್ತದೆ, ಅಲ್ಲಿಂದ ಹರಿಯಲು ಶುರು. ಅದಕ್ಕೇ ಆಳವಾದ ಜಾಯಿಂಟಿನಲ್ಲಿ ಬ್ಯಾಕರ್ ರಾಡ್ ಹಾಕುವುದು. ಪಾಲಿಎಥಿಲೀನ್ ಫೋಮಿನ ಹಗ್ಗದಂಥ ವಸ್ತು ಅದು. ಜಾಯಿಂಟಿನ ಅಗಲಕ್ಕಿಂತ ಕಾಲು ಭಾಗ ದಪ್ಪ ಇರುವುದನ್ನು ತಂದು ಒತ್ತಿ ಕೂರಿಸಬೇಕು. ಬಿರುಕಿನ ತೋಡಿನಲ್ಲಿ ರಾಡಿಗೆ ಜಾಗ ಇರುವುದಿಲ್ಲ. ಅಲ್ಲಿ ತಳಕ್ಕೆ ಪಾಲಿಎಥಿಲೀನ್ ಟೇಪಿನ ಒಂದು ಪಟ್ಟಿ ಅಂಟಿಸಿದರೆ ಸಾಕು. ಸೀಲಂಟ್ ಅದನ್ನು ಹಿಡಿದುಕೊಳ್ಳುವುದಿಲ್ಲ.

ರಾಡ್ ಕೂರಿಸಲು ಸ್ಕ್ರೂಡ್ರೈವರ್ ಬಳಸಬೇಡಿ. ಒಮ್ಮೆ ನಾನೇ ನಿಂತು ಮಾಡಿಸಿದ ಜಾಯಿಂಟಿನಲ್ಲಿ ಮಾರನೇ ದಿನ ಬೆಳಿಗ್ಗೆ ಸಾಲಾಗಿ ಗುಳ್ಳೆ ಎದ್ದಿದ್ದವು. ಕೊಯ್ದು ನೋಡಿದರೆ ಪ್ರತಿ ಗುಳ್ಳೆಯ ಕೆಳಗೂ ರಾಡಿನಲ್ಲಿ ಚುಚ್ಚಿದ ಗುರುತು. ಮುಚ್ಚಿದ ಕಣಗಳ ಫೋಮ್ ಚುಚ್ಚಿಹೋದರೆ ಒಳಗಿನ ಗಾಳಿ ಹೊರಗೆ ಬಂದು ಹಸಿ ಸೀಲಂಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅವತ್ತಿನಿಂದ ನಮ್ಮ ಹುಡುಗರ ಕೈಯಲ್ಲಿ ಮೊಂಡು ಮರದ ಪಟ್ಟಿ ಇರುತ್ತದೆ. ಅದಕ್ಕೆ ಆಳದ ಗುರುತು ಹಾಕಿರುತ್ತೇವೆ, ಹಾಗಾಗಿ ರಾಡ್ ಎಲ್ಲ ಕಡೆ ಒಂದೇ ಮಟ್ಟದಲ್ಲಿ ಕೂರುತ್ತದೆ.

ಅಳತೆ ಹೀಗೆ ನೆನಪಿಟ್ಟುಕೊಳ್ಳಿ. ಅಗಲವಾದ ಜಾಯಿಂಟಿನಲ್ಲಿ ಸೀಲಂಟಿನ ದಪ್ಪ ಅಗಲದ ಅರ್ಧ ಇರಲಿ. ಆದರೆ 6 ಮಿಲಿಮೀಟರಿಗಿಂತ ಕಡಿಮೆ ಬೇಡ, 12-13ಕ್ಕಿಂತ ಜಾಸ್ತಿಯೂ ಬೇಡ. ದಪ್ಪ ಹಾಕಿದರೆ ಗಟ್ಟಿ ಅನ್ನುವುದು ಗಾರೆಯ ಲೆಕ್ಕ. ಸೀಲಂಟ್ ದಪ್ಪವಾದಷ್ಟೂ ಗೋಡೆಯ ಮೇಲೆ ಎಳೆತ ಹೆಚ್ಚುತ್ತದೆ. ಹೊಸದಾಗಿ ಜಾಯಿಂಟ್ ಬಿಡುವಾಗ, ದರ್ಜೆ 25ರ ಸೀಲಂಟಿಗೆ, ಬರುವ ಚಲನೆಯ ನಾಲ್ಕು ಪಟ್ಟು ಅಗಲ ಬೇಕು. 4 ಮಿಲಿಮೀಟರ್ ಚಲನೆಗೆ 16 ಮಿಲಿಮೀಟರ್.

ಸೀಲಂಟಿನ ಆಯ್ಕೆ ಬಗ್ಗೆ ಜನ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ, ನಾನು ಚಿಕ್ಕದಾಗಿ ಹೇಳುತ್ತೇನೆ. ಕಾಂಕ್ರೀಟಿಗೆ ಪಾಲಿಯುರೆಥೇನ್ ಚೆನ್ನಾಗಿ ಹಿಡಿಯುತ್ತದೆ, ತಿಕ್ಕಾಟ ತಾಳುತ್ತದೆ. ಆದರೆ ಬಿಸಿಲಿಗೆ ವರ್ಷಗಳಲ್ಲಿ ಮೇಲ್ಮೈ ಪುಡಿಯಾಗುತ್ತದೆ. ಸಿಲಿಕೋನ್ ಬಿಸಿಲಿಗೆ ಜಗ್ಗುವುದಿಲ್ಲ, ಆದರೆ ಅದರ ಮೇಲೆ ಬಣ್ಣ ಕೂರುವುದಿಲ್ಲ. ವಿನೆಗರ್ ವಾಸನೆ ಬರುವ ಸಿಲಿಕೋನ್ ಕಾಂಕ್ರೀಟಿಗೆ ಬೇಡವೇ ಬೇಡ. ಅದು ಗಟ್ಟಿಯಾಗುವಾಗ ಬಿಡುವ ಅಸಿಟಿಕ್ ಆಮ್ಲಕ್ಕೂ ಕಾಂಕ್ರೀಟಿನ ಕ್ಷಾರಕ್ಕೂ ಆಗಿಬರುವುದಿಲ್ಲ, ಹಿಡಿತ ಬಿಡುತ್ತದೆ. ನ್ಯೂಟ್ರಲ್ ಬಗೆಯದ್ದೇ ಬೇಕು. ಸದಾ ನೀರು ನಿಲ್ಲುವ ತೊಟ್ಟಿಗೆ, ನೀರಿನೊಳಗೆ ಇರಲೆಂದೇ ತಯಾರಿಸಿದ ಪಾಲಿಸಲ್ಫೈಡ್ ಅಥವಾ ಪಾಲಿಯುರೆಥೇನನ್ನು ಪ್ರೈಮರ್ ಸಮೇತ ಹಾಕಿ. ಅದೂ ನೀರು ಇರುವ ಬದಿಯಿಂದ. ಹಿಂದಿನಿಂದ ನೀರು ಒತ್ತುತ್ತಿದ್ದರೆ ಸೀಲಂಟ್ ಗೋಡೆ ಬಿಟ್ಟು ಏಳುತ್ತದೆ.

ಗಟ್ಟಿ ಚಕ್ರದ ಗಾಡಿಗಳು ಓಡಾಡುವ ಗೋದಾಮಿನ ನೆಲಕ್ಕೆ ಮೆತ್ತನೆ ಸೀಲಂಟ್ ಸರಿಹೋಗುವುದಿಲ್ಲ. ಚಕ್ರ ಸೀಲಂಟನ್ನು ಅದುಮಿ ಜಾಯಿಂಟಿನ ಅಂಚನ್ನೇ ಹೊಡೆಯುತ್ತದೆ, ಅಂಚು ಉದುರುತ್ತದೆ. ಅಲ್ಲಿ ಚಕ್ರದ ಭಾರ ಹೊರುವಷ್ಟು ಬಿಗಿಯಾದ ಎಪಾಕ್ಸಿ ಇಲ್ಲವೇ ಪಾಲಿಯೂರಿಯಾ ಫಿಲ್ಲರ್ ಬೇಕು.

ಶುಚಿ ಮಾಡುವುದಕ್ಕೆ ನಾನು ಅತಿ ಹೆಚ್ಚು ಸಮಯ ಕೊಡುತ್ತೇನೆ. ದಿನದ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಗುತ್ತದೆ. ಗ್ರೈಂಡರ್ ಆದ ಮೇಲೆ ತಂತಿ ಬ್ರಷ್, ಆಮೇಲೆ ಬ್ಲೋವರ್. ಮತ್ತೆ ಬ್ರಷ್, ಮತ್ತೆ ಬ್ಲೋವರ್. ಕಂಪ್ರೆಸರ್ ಬಳಸಿದರೆ ಅದರ ಗಾಳಿಯಲ್ಲಿ ಎಣ್ಣೆ ಬರುತ್ತಿಲ್ಲ ಎಂದು ಬಿಳಿ ಬಟ್ಟೆ ಹಿಡಿದು ನೋಡಿ. ಕೊನೆಗೆ ಕಪ್ಪು ಬಟ್ಟೆಯ ತುಂಡನ್ನು ಬೆರಳಿಗೆ ಸುತ್ತಿ ತೋಡಿನ ಗೋಡೆ ಉಜ್ಜುತ್ತೇನೆ. ಬಟ್ಟೆ ಬೆಳ್ಳಗಾದರೆ ಇನ್ನೊಂದು ಸುತ್ತು. ಹಳೆಯ ಸೀಲಂಟಿನ ಪೊರೆ ಒಂದಿಷ್ಟೂ ಉಳಿಯಬಾರದು, ಅದರಲ್ಲೂ ಸಿಲಿಕೋನ್ ಉಳಿದ ಕಡೆ ಬೇರೆ ಯಾವುದೂ ಅಂಟುವುದಿಲ್ಲ. ನೀರು ಹಾಕಿ ತೊಳೆದರೆ ಒಣಗುವ ತನಕ ಕಾಯಲೇಬೇಕು. ಕಾಂಕ್ರೀಟ್ ಮೇಲೆ ಒಣಗಿದಂತೆ ಕಂಡು ಒಳಗೆ ಹಸಿ ಇರುತ್ತದೆ. ಸುಮಾರು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ 16 ಗಂಟೆಯಾದರೂ ಬಿಡಿ. ತೆಗೆದಾಗ ಹಾಳೆಯ ಒಳಮೈಯಲ್ಲಿ ಹನಿ ಕಂಡರೆ, ಕಾಂಕ್ರೀಟ್ ಕಪ್ಪಾಗಿದ್ದರೆ ಅವತ್ತು ಕೆಲಸ ಬೇಡ. ಹೊಸ ಕಾಂಕ್ರೀಟಿಗೆ 28 ದಿನ ಆಗಿರಲಿ.

ತುಂಬುವ ಹೊತ್ತೂ ಮುಖ್ಯ. ಬೆಳಿಗ್ಗೆ ಬಿಸಿಲೇರುವಾಗ ಕಾಂಕ್ರೀಟಿನ ರಂಧ್ರಗಳಲ್ಲಿರುವ ಗಾಳಿ ಹಿಗ್ಗಿ ಹೊರಗೆ ಬರುತ್ತದೆ, ಹಸಿ ಸೀಲಂಟಿನಲ್ಲಿ ಗುಳ್ಳೆ ಎಬ್ಬಿಸುತ್ತದೆ. ಸಂಜೆ ಕಾವು ಇಳಿಯುವ ಹೊತ್ತು ನನಗೆ ಇಷ್ಟ. ಸುಡುವ ಬಿಸಿಲಲ್ಲಿ ತುಂಬಿದರೆ ಇನ್ನೊಂದು ತೊಂದರೆ. ಆಗ ಜಾಯಿಂಟ್ ಅತಿ ಕಿರಿದಾಗಿರುತ್ತದೆ. ಆಮೇಲೆ ಬರುವ ಚಲನೆಯೆಲ್ಲ ಬರೀ ಎಳೆತವೇ.

ಎರಡೂ ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕಿ. ಟ್ಯೂಬಿನ ಮೇಲಿನ ತಾರೀಕು ನೋಡಿ, ಅವಧಿ ಮುಗಿದದ್ದನ್ನು ಬಳಸಬೇಡಿ. ಸೀಲಂಟ್ ಒತ್ತುವ ಗನ್ನಿನ ಮೂತಿಯನ್ನು ಓರೆಯಾಗಿ ಕತ್ತರಿಸಿ, ತಳ ಮುಟ್ಟಿಸಿ, ಗಾಳಿ ಸಿಕ್ಕಿಕೊಳ್ಳದಂತೆ ತುಂಬುತ್ತಾ ಬನ್ನಿ. ತುಂಬಿದ ಕೂಡಲೇ ಚಮಚದ ಬೆನ್ನಿನಂಥ ಪಟ್ಟಿಯಿಂದ ಒತ್ತಿ ಎಳೆಯಿರಿ. ಇದು ಅಂದಕ್ಕಲ್ಲ. ಆ ಒತ್ತಡವೇ ಸೀಲಂಟನ್ನು ಗೋಡೆಗೆ ಕೂರಿಸುವುದು. ಸಾಬೂನು ನೀರಿನಲ್ಲಿ ಬೆರಳು ಅದ್ದಿ ಸವರುವ ಅಭ್ಯಾಸ ಬಹಳ ಕಡೆ ಇದೆ, ಅದನ್ನು ಬಿಡಿ. ಆ ನೀರು ಅಂಚಿಗೆ ಇಳಿದರೆ ಅಲ್ಲೇ ಹಿಡಿತ ತಪ್ಪುತ್ತದೆ. ಟೇಪನ್ನು ಸೀಲಂಟ್ ಕೆನೆಗಟ್ಟುವ ಮೊದಲೇ ಎತ್ತಿ.

ಬೇರೇನೂ ಬೆರೆಸದೆ ಬಳಸುವ ಒಂದೇ ಟ್ಯೂಬಿನ ಸೀಲಂಟ್ ಗಾಳಿಯ ತೇವ ಹೀರಿ ಮೇಲಿನಿಂದ ಕೆಳಗೆ ಗಟ್ಟಿಯಾಗುತ್ತದೆ, ದಿನಕ್ಕೆ 2ರಿಂದ 3 ಮಿಲಿಮೀಟರ್ ಮಾತ್ರ. ಮುಟ್ಟಿದರೆ ಅಂಟದಿದ್ದ ಮಾತ್ರಕ್ಕೆ ನೀರು ನಿಲ್ಲಿಸಿ ಪರೀಕ್ಷೆ ಮಾಡಬೇಡಿ, ಒಂದು ವಾರ ಕೊಡಿ.

ಆ ತಾರಸಿಯ ಬಿರುಕನ್ನು ಹೀಗೆಯೇ ತುಂಬಿ, ಮೂರು ವಾರದ ನಂತರ ಮತ್ತೆ ಹೋಗಿದ್ದೆ. ಸೀಲಂಟನ್ನು ಅಡ್ಡಕ್ಕೆ ಒಂದು ಕಡೆ ಕೊಯ್ದು, ಅಲ್ಲಿಂದ ಎರಡೂ ಅಂಚಿನಲ್ಲಿ ಎರಡು ಇಂಚು ಉದ್ದಕ್ಕೆ ಬ್ಲೇಡ್ ಎಳೆದು, ಬಿಡಿಯಾದ ನಾಲಿಗೆಯನ್ನು ಮನೆಯವರ ಕೈಗೆ ಕೊಟ್ಟೆ. ನೇರ ಮೇಲಕ್ಕೆ ಎಳೆಯಿರಿ ಎಂದೆ. ಅವರು ಮೆಲ್ಲಗೆ ಎಳೆದರು, ಆಮೇಲೆ ಜೋರಾಗಿ ಎಳೆದರು. ಪಟ್ಟಿ ಉದ್ದಕ್ಕೆ ಹಿಗ್ಗಿ ಕೊನೆಗೆ ತನ್ನ ನಡುವಿನಲ್ಲೇ ಹರಿಯಿತು. ಗೋಡೆಗೆ ಹಿಡಿದ ಭಾಗ ಎರಡೂ ಬದಿಯಲ್ಲಿ ಹಾಗೇ ಉಳಿದಿತ್ತು. ಕೈಯಲ್ಲಿದ್ದ ತುಂಡನ್ನು ಅವರು ಮಗುಚಿ ನೋಡಿದರು. ಬಿಳಿ ಪುಡಿ ಇರಲಿಲ್ಲ. ಆ ಎರಡು ಇಂಚಿನ ಜಾಗವನ್ನು ಅದೇ ಸೀಲಂಟಿನಿಂದ ತುಂಬಿ, ಒತ್ತಿ, ಟೇಪ್ ಎತ್ತಿ ಕೆಳಗಿಳಿದೆವು.