ಕೋಟೆಯ ಕಿಂಡಿ, ಹೆಡ್‌ಫೋನಿನ ಕಿಂಡಿ

ದಾವಣಗೆರೆಯಲ್ಲಿ ನಮ್ಮ ಮನೆ ರೈಲು ಹಳಿಯಿಂದ ಎರಡು ಬೀದಿ ಈಚೆಗಿದೆ. ರೈಲು ಹೋಯಿತೆಂದರೆ ಹಳೆಯ ಪಿ.ಬಿ. ರಸ್ತೆಯ ಲಾರಿ, ಲಾರಿ ದೂರವಾಯಿತೆಂದರೆ ಎದುರು ಮನೆಯ ನೀರಿನ ಮೋಟಾರು. ಇಂಥಲ್ಲಿ ಕೂತು ಹಿಂದೂಸ್ತಾನಿ ಗಾಯನ ಕೇಳುವ ನಾನು ಮೂರು ವರ್ಷದ ಹಿಂದೆ ಗೆಳೆಯರ ಮಾತಿಗೆ ಮರುಳಾಗಿ ಬೆಂಗಳೂರಿನಿಂದ ಒಂದು ಓಪನ್ ಬ್ಯಾಕ್ ಹೆಡ್‌ಫೋನ್ ತರಿಸಿದೆ. ಬಟ್ಟಲಿನ ಹಿಂಬದಿ ಮುಚ್ಚಿಲ್ಲದ, ಬರೀ ಜಾಲರಿ ಇರುವ ಹೆಡ್‌ಫೋನ್ ಅದು. ಸಂಗೀತ ಬಲ್ಲವರು ಕೊಳ್ಳುವುದು ಇದನ್ನೇ, ಮುಚ್ಚಿದ ಬಟ್ಟಲಿನದು ಬಸ್ಸಿನಲ್ಲಿ ಓಡಾಡುವ ಹುಡುಗರಿಗೆ ಎಂದು ಗೆಳೆಯರು ಹೇಳಿದ್ದರು. ಮೊದಲ ರಾತ್ರಿ ಗಾಯಕರ ಆಲಾಪದ ಜೊತೆಗೆ ಮೋಟಾರಿನ ಆಲಾಪವೂ ಕೇಳಿತು. ದನಿ ಏರಿಸಿದೆ. ಲಾರಿ ಬಂತು, ಇನ್ನಷ್ಟು ಏರಿಸಿದೆ. ಮಲಗುವ ಹೊತ್ತಿಗೆ ಕಿವಿಯಲ್ಲಿ ಸಣ್ಣಗೆ ‘ಕೀ’ ಎಂಬ ಸದ್ದು ಉಳಿದಿತ್ತು.

ಆ ‘ಕೀ’ ಸದ್ದೇ ಈ ಲೇಖನ ಬರೆಸುತ್ತಿದೆ. ತೆರೆದ ಹೆಡ್‌ಫೋನ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದರಲ್ಲಿ ಸಂಗೀತ ತಲೆಯೊಳಗೆ ಕೂರದೆ ಸುತ್ತ ಹರಡಿದಂತೆ ಕೇಳುತ್ತದೆ, ಏಪ್ರಿಲ್ ತಿಂಗಳ ಸೆಕೆಯಲ್ಲಿ ಕಿವಿ ಬೆವರುವುದಿಲ್ಲ. ಆದರೆ ಅದರ ಗುಣಗಳೆಲ್ಲ ನಿಶ್ಶಬ್ದವಾದ ಕೋಣೆಯೊಂದನ್ನು ನಂಬಿಕೊಂಡಿವೆ. ನಮ್ಮ ದೇಶದ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಸದ್ದು ಹಗಲು 55, ರಾತ್ರಿ 45 ಡೆಸಿಬೆಲ್ ಮೀರಬಾರದು. ನಮ್ಮ ಬೀದಿಯಲ್ಲಿ ಕಿಟಕಿ ತೆರೆದು ಒಂದು ಸಂಜೆ ಕೂತವರಿಗೆ ಆ ಅಂಕಿ ಎಷ್ಟು ದೂರವಿದೆಯೆಂದು ತಿಳಿಯುತ್ತದೆ.

ಮುಚ್ಚಿದ ಹೆಡ್‌ಫೋನ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಅದನ್ನು ಕೊಂಡವರಲ್ಲೂ ಬಹಳ ಜನ ತಪ್ಪು ತಿಳಿದಿದ್ದಾರೆ. ಬಟ್ಟಲು ದಪ್ಪವಾದಷ್ಟೂ ಒಳ್ಳೆಯದು ಎನ್ನುತ್ತಾರೆ. ದಪ್ಪಕ್ಕೆ ಬೆಲೆಯಿದೆ, ನಿಜ. ಗೋಡೆಯ ತೂಕ ಇಮ್ಮಡಿಯಾದರೆ ತಡೆ ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ. ಆದರೆ ಆ ಗೋಡೆಯಲ್ಲಿ ನೂರರಲ್ಲಿ ಒಂದು ಪಾಲು ತೂತಿದ್ದರೆ, ಉಳಿದ ತೊಂಬತ್ತೊಂಬತ್ತು ಪಾಲನ್ನು ಕಬ್ಬಿಣದಲ್ಲಿ ಕಟ್ಟಿದರೂ 20 ಡೆಸಿಬೆಲ್‌ಗಿಂತ ಹೆಚ್ಚಿನ ತಡೆ ಸಿಗುವುದಿಲ್ಲ. ತೂತು ಸಾವಿರದಲ್ಲಿ ಒಂದು ಪಾಲಿದ್ದರೆ ಮಿತಿ 30 ಡೆಸಿಬೆಲ್. ಇಲ್ಲಿ ಗೆಲ್ಲುವುದೂ ಸೋಲುವುದೂ ಕಿಂಡಿಯಲ್ಲಿ.

ಇದನ್ನು ಚಿತ್ರದುರ್ಗದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಏಳು ಸುತ್ತಿನ ಕೋಟೆ. ಹೈದರಾಲಿಯ ಸೈನ್ಯಕ್ಕೆ ಆ ಕಲ್ಲಿನ ಗೋಡೆಗಳನ್ನು ಒಡೆಯುವುದು ಕಷ್ಟವಾಯಿತು. ಆದರೆ ಒಬ್ಬೊಬ್ಬರೇ ನುಸುಳುವಷ್ಟು ಸಂದು ಒಂದಿತ್ತು. ಗಂಡನ ಊಟಕ್ಕೆ ನೀರು ತರಲು ಹೋದ ಓಬವ್ವನಿಗೆ ಅಲ್ಲಿಂದಲೇ ಸದ್ದು ಕೇಳಿಸಿತೆಂದು ಕಥೆ ಹೇಳುತ್ತದೆ. ವಿಜ್ಞಾನದ ಕಣ್ಣಿನಿಂದ ನೋಡಿದರೂ ಆ ಕಥೆ ಸರಿಯಾಗಿದೆ. ಅಷ್ಟು ದಪ್ಪದ ಬಂಡೆಯನ್ನು ದಾಟಿ ಪಿಸುಮಾತು ಬರಲಾರದು, ಸಂದಿನಿಂದ ಬಂದೇ ಬರುತ್ತದೆ. ನಾನು ಹೋದಾಗಲೆಲ್ಲ ಆ ಕಿಂಡಿಯ ಈಚೆ ನಿಂತು ಆಚೆಯವರ ಮಾತಿಗೆ ಕಿವಿಗೊಡುತ್ತೇನೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಬಂಡೆಯ ಮರೆಗೆ ಬಂದರೆ ಅದೇ ಮಾತು ಮಂಕಾಗುತ್ತದೆ.

ಹೆಡ್‌ಫೋನಿನಲ್ಲಿ ಈ ಕಿಂಡಿ ಎಲ್ಲಿದೆ? ಕಿವಿಮೆತ್ತೆ ಕೆನ್ನೆಗೆ ತಾಗುವ ಅಂಚಿನಲ್ಲಿ. ಕನ್ನಡಕದ ಕಡ್ಡಿ, ದಟ್ಟವಾದ ಕೂದಲು, ಕಿವಿಯ ಓಲೆ, ವರ್ಷವಾದ ಮೇಲೆ ಬಿರುಕು ಬಿಟ್ಟ ರೆಕ್ಸಿನ್ ಎಲ್ಲವೂ ಒಂದೊಂದು ಕಿಂಡಿ. ಹೊರಗಿನ ಸದ್ದು ಒಳಗೆ ಬರುವುದು ಅದರ ಒಂದು ಕೆಡುಕು ಮಾತ್ರ. ಒಳಗಿನ ಸಂಗೀತದ ಕೆಳಸ್ವರಗಳು ಸೋರಿಹೋಗುವುದು ಅದಕ್ಕಿಂತ ದೊಡ್ಡ ಕೆಡುಕು. ಕೆಳಸ್ವರ ಮಾತ್ರ ಏಕೆ ಸೋರಬೇಕು, ಮೇಲಿನ ಸ್ವರ ಏಕೆ ಸೋರುವುದಿಲ್ಲ? ನನಗೆ ಈ ವಿಷಯದಲ್ಲೆಲ್ಲ ಅತ್ಯಂತ ಪ್ರಿಯವಾದ ಪ್ರಶ್ನೆ ಇದು.

ಸೈಕಲ್ ಪಂಪು ತೆಗೆದುಕೊಳ್ಳಿ. ಅದರ ಬಾಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ ಹಿಡಿಕೆ ಒತ್ತಿದರೆ ಬೆರಳಿನ ಮೇಲೆ ಒತ್ತಡ ತಿಳಿಯುತ್ತದೆ. ಈಗ ಬೆರಳನ್ನು ಕೂದಲೆಳೆಯಷ್ಟು ಸಡಿಲಿಸಿ, ಹಿಡಿಕೆಯನ್ನು ಮೆಲ್ಲಗೆ ಒತ್ತಿ. ಗಾಳಿ ಸಂದಿನಿಂದ ಆರಾಮವಾಗಿ ಹೊರಗೆ ಹೋಗುತ್ತದೆ, ಬೆರಳಿಗೆ ಏನೂ ತಿಳಿಯುವುದಿಲ್ಲ. ಅದೇ ಸಡಿಲ ಬೆರಳಿನಲ್ಲಿ ಹಿಡಿಕೆಯನ್ನು ಒಮ್ಮೆಲೇ ಗುದ್ದಿದರೆ ಗಾಳಿಗೆ ಹೊರಹೋಗಲು ಪುರಸೊತ್ತಿಲ್ಲ, ಒತ್ತಡ ಬೆರಳಿಗೆ ತಟ್ಟುತ್ತದೆ. ಹೆಡ್‌ಫೋನಿನ ಒಳಗಿನ ತೆಳುವಾದ ಪೊರೆ ಈ ಪಂಪಿನ ಹಿಡಿಕೆ, ನಿಮ್ಮ ಕಿವಿಯ ತಮಟೆ ಆ ಬೆರಳು. ಕೆಳಸ್ವರ ಎಂದರೆ ಮೆಲ್ಲಗೆ ಒತ್ತಿದ ಹಿಡಿಕೆ, ಮೇಲಿನ ಸ್ವರ ಎಂದರೆ ಗುದ್ದಿದ ಹಿಡಿಕೆ.

ಮದುವೆ ಛತ್ರದ ಊಟದ ಮನೆ ನೆನೆಯಿರಿ. ಪಂಕ್ತಿ ಮುಗಿದು ಜನ ನಿಧಾನವಾಗಿ ಎದ್ದರೆ ಒಂದೇ ಬಾಗಿಲಿನಿಂದ ಎಲ್ಲರೂ ಹೊರಗೆ ಬರುತ್ತಾರೆ, ನೂಕುನುಗ್ಗಲು ಇರುವುದಿಲ್ಲ. ಎಲ್ಲರೂ ಒಂದೇ ಕ್ಷಣಕ್ಕೆ ಎದ್ದರೆ ಅದೇ ಬಾಗಿಲು ಸಾಲದೆ ಒಳಗೆ ಒತ್ತಡ ಏಳುತ್ತದೆ. ಭದ್ರಾ ನಾಲೆಯ ತೂಬಿನ ಬಳಿ ಗದ್ದೆ ಮಾಡುವವರಿಗೂ ಇದು ಗೊತ್ತು. ನೀರು ಮೆಲ್ಲಗೆ ಏರಿದರೆ ಸಣ್ಣ ತೂಬೇ ಸಾಕು, ಒಮ್ಮೆಲೇ ಬಂದರೆ ಬದು ಒಡೆಯುತ್ತದೆ. ಕಿಂಡಿ ಅದೇ, ಗಾತ್ರವೂ ಅದೇ. ಅದು ಕಿಂಡಿಯಂತೆ ವರ್ತಿಸುತ್ತದೋ ಗೋಡೆಯಂತೆ ವರ್ತಿಸುತ್ತದೋ ಎಂಬುದನ್ನು ಬರುವವರ ಅವಸರ ತೀರ್ಮಾನಿಸುತ್ತದೆ.

ಹಾರ್ಮೋನಿಯಂನ ‘ಕರಿ ಒಂದು’ ಮನೆಯ ಶ್ರುತಿಗೆ ಕೂಡಿಸಿದ ಗಂಡು ತಂಬೂರಿಯ ಖರ್ಜದ ತಂತಿ, ಅಂದರೆ ಎಲ್ಲಕ್ಕಿಂತ ಕೆಳಸ್ವರದ ತಂತಿ, ಸೆಕೆಂಡಿಗೆ ಸುಮಾರು 69 ಬಾರಿ ಕಂಪಿಸುತ್ತದೆ. ನಾನು ಕೊನೆಗೆ ಕೊಂಡ ಮುಚ್ಚಿದ ಹೆಡ್‌ಫೋನಿನಲ್ಲಿ ಆ ಖರ್ಜ ಬರಲೇ ಇಲ್ಲ. ತಂತಿಯ ಮೇಲಿನ ಝೇಂಕಾರ ಇದೆ, ತಳ ಇಲ್ಲ. ಅಂಗಡಿಗೆ ಹಿಂತಿರುಗಿಸಲು ಪೆಟ್ಟಿಗೆಗೆ ತುಂಬುತ್ತಿದ್ದಾಗ ಚಿತ್ರದುರ್ಗದಿಂದ ಬಂದಿದ್ದ ಅಕ್ಕನ ಮಗ ಅದನ್ನು ಹಾಕಿಕೊಂಡು ನೋಡಿ, “ಮಾವ, ಇದರಲ್ಲಿ ಎಲ್ಲ ಚೆನ್ನಾಗಿ ಕೇಳುತ್ತಿದೆ, ನೀವು ಒಮ್ಮೆ ಕನ್ನಡಕ ತೆಗೆದು ಹಾಕಿಕೊಳ್ಳಿ” ಎಂದ. ತೆಗೆದೆ. ನೆಲದ ಕೆಳಗಿನಿಂದ ಎದ್ದು ಬಂದ ಹಾಗೆ ಖರ್ಜ ಬಂತು. ಕಡ್ಡಿಯನ್ನು ಮತ್ತೆ ಮೆತ್ತೆಯ ಕೆಳಗೆ ಸೇರಿಸಿದೆ, ಹೋಯಿತು. ಹತ್ತು ಸಲ ಹಾಗೆ ಮಾಡಿದೆವು. ಎರಡು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಕಡ್ಡಿ ಒಂದು ತಂತಿಯನ್ನೇ ನುಂಗಿಹಾಕುತ್ತಿತ್ತು. ಈಗ ತೆಳು ಲೋಹದ ಕಡ್ಡಿಯ ಕನ್ನಡಕ ಮಾಡಿಸಿದ್ದೇನೆ.

ಪೊರೆಯ ಬೆನ್ನಿನದು ಬೇರೆ ಕಥೆ. ಪೊರೆ ಮುಂದಕ್ಕೆ ಗಾಳಿಯನ್ನು ಒತ್ತುವಾಗಲೇ ಹಿಂದೆ ಸೆಳೆಯುತ್ತದೆ. ಇವೆರಡು ಒಂದನ್ನೊಂದು ಸೇರಿದರೆ ಅಳಿಸಿಕೊಳ್ಳುತ್ತವೆ. ಮೊರವನ್ನು ಮೆಲ್ಲಗೆ ಬೀಸಿದರೆ ಗಾಳಿ ಅಂಚು ಸುತ್ತಿ ಹಿಂದಕ್ಕೆ ಬರುವ ಹಾಗೆ. ತೆರೆದ ಹೆಡ್‌ಫೋನಿನಲ್ಲಿ ಜಾಲರಿಯೂ ಬಟ್ಟೆಯ ಮೆತ್ತೆಯೂ ಗಾಳಿ ಬಿಡುವುದರಿಂದ ತೀರಾ ಕೆಳಗಿನ ಸ್ವರಗಳು ಹೀಗೆ ಸೊರಗುತ್ತವೆ. ಮುಚ್ಚಿದ ಬಟ್ಟಲಿನಲ್ಲಿ ಬೆನ್ನಿನ ಸದ್ದು ಹೊರಗೆ ಹೋಗಲಾರದು, ಆದರೆ ಗೋಡೆಗೆ ಬಡಿದು ಮರಳಿ ಬರುತ್ತದೆ. ಬರಿದಾದ ಕೊಡದೊಳಗೆ ಮಾತಾಡಿದರೆ ದನಿ ಗುಂಯ್‌ಗುಡುವುದಿಲ್ಲವೇ, ಆ ದೋಷ. ಅದಕ್ಕೆ ಮದ್ದು ಬಟ್ಟಲಿನೊಳಗೆ ನಾರಿನ ಪದರವನ್ನು ಹದವಾಗಿ ತುಂಬುವುದು. ಅಗ್ಗದ ಹೆಡ್‌ಫೋನುಗಳಲ್ಲಿ ಅದನ್ನು ತುಂಬಿರುವುದಿಲ್ಲ. ‘ಕ್ಲೋಸ್ಡ್ ಬ್ಯಾಕ್ ಎಂದರೆ ಡಬ್ಬದ ದನಿ’ ಎಂಬ ಮಾತು ಹುಟ್ಟಿದ್ದು ಅಲ್ಲಿಂದಲೇ.

ಇತಿಹಾಸದಲ್ಲೂ ಕಿವಿ ಮುಚ್ಚುವುದೇ ಮೊದಲು ಬಂದದ್ದು. ಅಮೆರಿಕದ ಯೂಟಾದ ನಥಾನಿಯಲ್ ಬಾಲ್ಡ್‌ವಿನ್ 1910ರ ಸುಮಾರಿಗೆ ತನ್ನ ಅಡುಗೆಮನೆಯಲ್ಲಿ ಹೆಡ್‌ಫೋನ್ ಜೋಡಿಸಿ ಅಲ್ಲಿನ ನೌಕಾಪಡೆಗೆ ಮಾರಿದ. ಹಡಗಿನ ಗದ್ದಲದ ನಡುವೆ ತಂತಿರಹಿತ ಸಂದೇಶದ ಕ್ಷೀಣವಾದ ಟಿಕ್ ಟಿಕ್ ಹಿಡಿಯಬೇಕಿದ್ದವರಿಗೆ ಅದು ಬೇಕಿತ್ತು. 1958ರಲ್ಲಿ ಜಾನ್ ಕಾಸ್ ಸ್ಟೀರಿಯೊ ಸಂಗೀತಕ್ಕೆಂದು ಹೆಡ್‌ಫೋನ್ ತಂದ. ತೆರೆದ ಹೆಡ್‌ಫೋನ್ ಮಾರುಕಟ್ಟೆಗೆ ಬಂದದ್ದು 1968ರಲ್ಲಿ, ಜರ್ಮನಿಯ ಸೆನ್‌ಹೈಸರ್ ಕಂಪನಿಯ ಎಚ್‌ಡಿ 414 ರೂಪದಲ್ಲಿ.

ಕಿವಿ ಮುಚ್ಚುವುದರ ಬಗ್ಗೆ ನಮ್ಮಲ್ಲಿ ಒಂದು ಹಳೆಯ ಭಯವಿದೆ. ಎರಡು ಕಿವಿಗೂ ಬೆರಳಿಟ್ಟರೆ ಒಳಗೆ ಬೆಂಕಿ ಉರಿಯುವಂಥ ಸದ್ದು ಕೇಳಬೇಕು, ಕೇಳದಿದ್ದರೆ ಆಯುಸ್ಸು ಮುಗಿಯಿತು ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಚರಕ ಸಂಹಿತೆಯಲ್ಲಿಯೂ ಇದು ಬರುತ್ತದೆ. ಅಲ್ಲಿ ಆ ಸದ್ದಿಗೆ ‘ಜ್ವಾಲಾಶಬ್ದ’ ಎಂದು ಹೆಸರು. ಎಷ್ಟು ಚಂದದ ಹೆಸರು, ಎಷ್ಟು ನಿಖರವಾದ ಗಮನಿಸುವಿಕೆ! ತಪ್ಪಿದ್ದು ಅದಕ್ಕೆ ಕೊಟ್ಟ ಅರ್ಥ. ಇಟಲಿಯ ಗ್ರಿಮಾಲ್ಡಿ 1665ರಲ್ಲಿ, ಇಂಗ್ಲೆಂಡಿನ ವೊಲಾಸ್ಟನ್ 1810ರಲ್ಲಿ ಇದೇ ಸದ್ದಿನ ಬೆನ್ನು ಹತ್ತಿದರು. ಅದು ಬೆರಳನ್ನು ಒತ್ತಿ ಹಿಡಿದ ಕೈಯ ಸ್ನಾಯುಗಳ ಕಂಪನ, ಸೆಕೆಂಡಿಗೆ ಇಪ್ಪತ್ತು ಮೂವತ್ತು ಬಾರಿ. ಮುಷ್ಟಿಯನ್ನು ಬಿಗಿ ಮಾಡಿದರೆ ಸದ್ದು ಹೆಚ್ಚುತ್ತದೆ. ಕೈ ಬಿಟ್ಟು ಹೆಡ್‌ಫೋನ್ ಹಾಕಿಕೊಂಡರೆ ಅದು ಇರುವುದಿಲ್ಲ, ಆಯುಸ್ಸೇನೂ ಮುಗಿಯುವುದಿಲ್ಲ. ರೋಗಿಯ ಮುಂದೆ ಇಂಥ ಪರೀಕ್ಷೆ ಮಾಡಿ ಮನೆಯವರನ್ನು ಹೆದರಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ನಿಲ್ಲಬೇಕು.

ಮತ್ತೊಂದು ಭಯ ಹೊಸದು. ಮುಚ್ಚಿದ ಬಟ್ಟಲಿನಲ್ಲಿ ಒತ್ತಡ ಕೂಡಿ ತಮಟೆ ಹರಿಯುತ್ತದೆಯಂತೆ. ಲೆಕ್ಕ ಹಾಕೋಣ. 94 ಡೆಸಿಬೆಲ್‌ನ ಜೋರು ಸಂಗೀತದ ಒತ್ತಡ 1 ಪ್ಯಾಸ್ಕಲ್. ನಮ್ಮ ಸುತ್ತಲಿನ ಗಾಳಿಯದು ಸುಮಾರು ಒಂದು ಲಕ್ಷ ಪ್ಯಾಸ್ಕಲ್. ಮನೆಯ ಮಹಡಿಗೆ ಮೆಟ್ಟಿಲು ಹತ್ತಿದರೇ ಕಿವಿಯ ಮೇಲಿನ ಒತ್ತಡ ಮೂವತ್ತು ಪ್ಯಾಸ್ಕಲ್‌ಗಿಂತ ಹೆಚ್ಚು ಇಳಿಯುತ್ತದೆ, ಯಾರ ತಮಟೆಯೂ ಹರಿಯುವುದಿಲ್ಲ. ಸಂಗೀತದಿಂದ ಕಿವಿ ಕೆಡುವುದು ತಮಟೆಯಲ್ಲಲ್ಲ, ಅದರಾಚೆಗೆ ಒಳಗಿವಿಯ ಶಂಖದಲ್ಲಿ. ಅಲ್ಲಿ ಒಂದೊಂದು ಕಿವಿಗೆ ಸದ್ದನ್ನು ಗ್ರಹಿಸುವ ಸುಮಾರು ಹದಿನೈದು ಸಾವಿರ ರೋಮಕೋಶಗಳಿವೆ. ಜೋರು ಸದ್ದಿಗೆ ದಿನಗಟ್ಟಲೆ ಅಲುಗಾಡಿ ಅವು ಸಾಯುತ್ತವೆ, ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ.

ಇದನ್ನು ನಾನು ಮನೆಯಲ್ಲೇ ನೋಡಿದೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದಲ್ಲಿ ಅಪ್ಪ ಹತ್ತಿ ಗಿರಣಿಯ ಮಗ್ಗಗಳ ನಡುವೆ ಕೆಲಸ ಮಾಡಿದವರು. ಕೆಲಸ ಬಿಟ್ಟು ಇಪ್ಪತ್ತು ವರ್ಷವಾದರೂ ಎದುರಿಗಿದ್ದವರ ತುಟಿ ನೋಡಿಯೇ ಉತ್ತರ ಕೊಡುತ್ತಿದ್ದರು. ಮೊಮ್ಮಗಳ ಕೀಚಲು ದನಿ ಅವರಿಗೆ ಕೇಳುತ್ತಿರಲಿಲ್ಲ, ಲಾರಿಯ ಗುಡುಗು ಕೇಳುತ್ತಿತ್ತು. ಗ್ಲಾಸ್ಗೋದ ವೈದ್ಯ ಥಾಮಸ್ ಬಾರ್ 1886ರಲ್ಲೇ ಬಾಯ್ಲರ್ ಕೆಲಸಗಾರರ ಕಿವಿಗಳನ್ನು ಅಂಚೆಯವರ ಕಿವಿಗಳೊಂದಿಗೆ ಹೋಲಿಸಿ ಈ ಹಾನಿಯನ್ನು ದಾಖಲಿಸಿದ್ದ. ಅಪ್ಪನ ಗಿರಣಿಯಲ್ಲಿ ಕಿವಿಗೆ ತುರುಕಲು ಒಂದು ಹಿಡಿ ಹತ್ತಿಯನ್ನೂ ಯಾರೂ ಕೊಟ್ಟಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗುತ್ತದೆ. 95ಕ್ಕೆ ಬಂದರೆ ವಾರಕ್ಕೆ ಒಂದೂಕಾಲು ಗಂಟೆ, ಅಷ್ಟೇ. ಸದ್ದಿನ ನಡುವೆ ಕೂತವರು ಸಂಗೀತವನ್ನು ಆ ಸದ್ದಿನ ಮೇಲಕ್ಕೆ ಎತ್ತಿಯೇ ಎತ್ತುತ್ತಾರೆ, ನಾನು ಎತ್ತಿದ ಹಾಗೆ. ಒಳ್ಳೆಯ ಮುಚ್ಚಿದ ಬಟ್ಟಲು ಮಾತು, ಹಾರ್ನು, ಮೋಟಾರಿನ ಕಿರುಗುಟ್ಟುವಿಕೆಯನ್ನು 15 ಡೆಸಿಬೆಲ್ ತಗ್ಗಿಸಿತು ಎನ್ನಿ. ಆಗ ಸಂಗೀತವನ್ನೂ ಅಷ್ಟೇ ತಗ್ಗಿಸಿ ಕೇಳಬಹುದು. ಮೂರರಂತೆ ಐದು ಮೆಟ್ಟಿಲು, ಅಂದರೆ ಮೂವತ್ತೆರಡು ಪಟ್ಟು ಹೆಚ್ಚು ಹೊತ್ತು. ನನ್ನ ಮಟ್ಟಿಗೆ ಈ ಒಂದು ಲೆಕ್ಕದ ಮುಂದೆ ತೆರೆದ ಹೆಡ್‌ಫೋನಿನ ವಿಶಾಲತೆ ನಿಲ್ಲುವುದಿಲ್ಲ.

ಮುಚ್ಚಿದ್ದಕ್ಕೂ ಸೋಲಿದೆ. 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಬಾರಿ ಕಂಪಿಸುವ ಸದ್ದಿನ ಅಲೆಯ ಉದ್ದ ಸುಮಾರು 7 ಮೀಟರ್. ಹಗುರವಾದ ಬಟ್ಟಲು ಅದಕ್ಕೆ ಲೆಕ್ಕಕ್ಕೇ ಇಲ್ಲ, ಬಟ್ಟಲನ್ನೇ ಅಲುಗಿಸಿಕೊಂಡು ಒಳಗೆ ಬರುತ್ತದೆ. ರಾತ್ರಿ ಹನ್ನೊಂದರ ಹೊತ್ತಿಗೆ ಗೂಡ್ಸ್ ಗಾಡಿ ಬರುತ್ತದೆ. ಅದರ ಹಾರ್ನು ನನ್ನ ಹೆಡ್‌ಫೋನಿನಾಚೆಯೇ ಉಳಿಯುತ್ತದೆ, ಗಾಲಿಗಳ ಗುಡುಗು ಮಾತ್ರ ಒಳಗೆ ಬಂದು ತಂಬೂರಿಯ ಖರ್ಜದ ಮೇಲೆ ಕೂರುತ್ತದೆ. ನಾನು ದನಿ ಏರಿಸುವುದಿಲ್ಲ. ಐವತ್ತೋ ಅರವತ್ತೋ ಡಬ್ಬಿ ದಾಟುವವರೆಗೆ ಮೇಲಿನ ತಂತಿಗಳನ್ನಷ್ಟೇ ಹಿಡಿದುಕೊಂಡು ಕಾಯುತ್ತೇನೆ, ಕೊನೆಯ ಡಬ್ಬಿ ಹೋದ ಮೇಲೆ ಖರ್ಜ ಇದ್ದಲ್ಲಿಯೇ ಇರುತ್ತದೆ.